ಹದಿನಾರು ಕಣ್ಣು

ಪೇಪರಿನ ಒಂಬತ್ತನೆಯ ಪುಟ,
ಕಲ್ಯಾಣ ಮಂಟಪದ ಜಾಹೀರಾತಿನ ಮಗ್ಗುಲಲ್ಲಿತ್ತು ಸುದ್ದಿ:
ಸಮುದ್ರದಾಚೆ ಎಲ್ಲೋ ನೆಲ ನಡುಗಿದೆ,
ನೆರವಿಗೆ ಮನವಿ ಬಂದಿದೆ,
ಸರ್ಕಾರ ಇಷ್ಟು ಕೋಟಿ ಘೋಷಿಸಿದೆ.
ಆ ಇಷ್ಟು ಕೋಟಿಯ ಒಂದು ಚೂರು
ತಾರಿಹಾಳದ ನಮ್ಮ ಶೆಡ್ಡಿಗೆ ಬಂದು ಬಿತ್ತು.
ನಾಲ್ಕು ಸಾವಿರ ತಾಡಪತ್ರಿ,
ನಲವತ್ತೈದು ದಿನ.

ನಾನು ಸ್ಟೋರು ಬರೆಯುವವ.
ದಾರದ ಉಂಡೆ, ಸೂಜಿ, ಹಿತ್ತಾಳೆಯ ಕಣ್ಣು,
ಬಂದದ್ದಿಷ್ಟು, ಹೋದದ್ದಿಷ್ಟು, ಉಳಿದದ್ದಿಷ್ಟು.
ಹಗ್ಗ ತೂರಿಸುವ ಬಳೆಗೆ ನಮ್ಮಲ್ಲಿ ಕಣ್ಣು ಅಂತಾರೆ.
ತಾಡಪತ್ರಿಗೆ ಹನ್ನೆರಡು.
ಕರಾರಿನಲ್ಲಿ ಇದ್ದದ್ದೂ ಹನ್ನೆರಡು.

ಐದನೆಯ ದಿನ ಲೆಕ್ಕ ತಪ್ಪಿತು.
ಹನ್ನೆರಡರ ಮಗ್ಗಿ ಮೂರು ಸಲ ಹೇಳಿಕೊಂಡು
ಮಷೀನುಗಳ ಸಾಲಿನಲ್ಲಿ ನಡೆದೆ.
ರಮಜಾನಬಿ ದಾರ ಕಚ್ಚುತ್ತಿದ್ದಳು,
ನೀಲವ್ವ ತೊಡೆಯ ಮೇಲೆ ಮಡಿಕೆ ತೀಡುತ್ತಿದ್ದಳು.
ಫಕ್ಕೀರವ್ವ ತಲೆ ಎತ್ತದೆ ಅಂದಳು:
“ನಾನಽ ಹಾಕೇನ್ರಿ. ಮೂಲಿಗೊಂದು ಹೆಚ್ಚಿಗಿ.”

ಯಾಕವಾ?

“ಹೊಳಿ ಬಂದಾಗ ನಮಗೂ ಒಂದು ಕೊಟ್ಟಿದ್ರು,
ಹೊಳೆಆಲೂರ ದಿಬ್ಬದ ಮ್ಯಾಲೆ.
ನೀಲಿ ಅಕ್ಷರ ಬರೆದಿತ್ತು, ನಮಗ ಬರಲಾರದ ಭಾಷಾ.
ಎರಡನೇ ರಾತ್ರಿ ಗಾಳಿ ಎದ್ದು ಮೂಲಿ ಕಣ್ಣು ಕಿತ್ತು ಹೋತು.
ಇದ್ದದ್ದಽ ಒಂದು. ಮತ್ತ ಎಲ್ಲಿ ಕಟ್ಟೂದು?
ಬೆಳತನಕ ಮೂಲಿ ಹಿಡಕೊಂಡು ನಿಂತೆ,
ಕಂಕುಳಾಗ ಆರು ತಿಂಗಳ ಕೂಸು.
ಕೊಟ್ಟಾವ್ರು ಛಲೋ ಮಂದಿನಽ ಇರಬೇಕ್ರಿ.
ಅದರ ಕೆಳಗ ಮಲಗಿ ನೋಡಿದ್ದಿಲ್ಲ, ಅಷ್ಟಽ.”

ಹದಿನಾರು ಸಾವಿರ ಹೆಚ್ಚಿನ ಕಣ್ಣು.
ಎಲ್ಲಿಂದ ತರಲಿ, ಯಾವ ಖಾತೆಗೆ ಬರೆಯಲಿ?
ಮಾಲೀಕರು ಕನ್ನಡಕ ತೆಗೆದು ಒರೆಸಿದರು.
ಆಗದು ಅನ್ನಲಾಗದ್ದಕ್ಕೆಲ್ಲ ಅವರು ಕನ್ನಡಕ ಒರೆಸುತ್ತಾರೆ.
“ಸವಕಳಿ ಅಂತ ಬರಿ.”

ತಪಾಸಣೆಗೆ ಮುಂಬೈಯಿಂದ ಒಬ್ಬ ಬಂದ.
ಗಿರಮಿಟ್ಟಿನ ತಟ್ಟೆ ಬದಿಗೆ ಸರಿಸಿ
ಬಟ್ಟೆ ಉಜ್ಜಿದ, ನೀರು ಸುರಿದ, ಹೊಲಿಗೆ ಎಳೆದ.
ಕಣ್ಣು ಎಣಿಸಿದ.
ಮತ್ತೆ ಎಣಿಸಿದ.
ಕಡಿಮೆ ಇದ್ದರೆ ವಾಪಸು ಕಳಿಸಬೇಕೆಂದು ಕರಾರಿನಲ್ಲಿತ್ತು,
ಹೆಚ್ಚಿದ್ದರೆ ಏನು ಮಾಡಬೇಕೆಂದು ಇರಲಿಲ್ಲ.
ಅರ್ಧ ತಾಸು ಗೇಟಿನ ಬೇವಿನ ಕೆಳಗೆ ಫೋನಿನಲ್ಲಿ ನಿಂತ.
ಒಳಗೆ ಬಂದು ಹನ್ನೆರಡು ಅಂತ ಬರೆದು ಸಹಿ ಹಾಕಿದ.
ಉಳಿದ ನಾಲ್ಕನ್ನು ಅವನೂ ನೋಡಲಿಲ್ಲ,
ನಾನೂ.

ಲಾರಿ ಹೋದವು. ದುಡ್ಡು ಬರಬೇಕಿತ್ತು.
ಘೋಷಣೆ ಆಗಿತ್ತು, ಅದಕ್ಕೆ ಚಪ್ಪಾಳೆಯೂ ಬಿದ್ದಿತ್ತು.
ಮಂಜೂರಾತಿಯ ಪತ್ರ ನನ್ನ ಫೈಲಿನಲ್ಲೇ ಇದೆ.
ಇನ್ನು ಬಿಡುಗಡೆ ಒಂದೇ ಬಾಕಿ.
ಜೈಲಿನವನಿಗೂ ದುಡ್ಡಿಗೂ ಅದೇ ಶಬ್ದ ಇಟ್ಟವರು ಯಾರೋ,
ಅವರೂ ಎಲ್ಲೋ ಬಿಲ್ಲಿಗಾಗಿ ಕಾದಿರಬೇಕು.

ಮಾರ್ಚ್ ಮೂವತ್ತೊಂದು ಬಂತು, ಹೋಯಿತು.
ಹಳೆಯ ವರ್ಷದ ಹಣ ಹಿಂದಕ್ಕೆ ಹೋಗಿದೆಯಂತೆ,
ಹೊಸ ವರ್ಷಕ್ಕೆ ಹೊಸದಾಗಿ ಕೇಳಬೇಕಂತೆ.
ಮಾಲೀಕರ ಮನೆಯವರ ಪಾಟ್ಲಿ
ದುರ್ಗದ ಬೈಲಿನ ಅಂಗಡಿಯೊಂದರಲ್ಲಿ ಕೂತಿದೆ.
ಎಲ್ಲರಿಗೂ ಅರ್ಧ ಪಗಾರ.
ನಾನು ಏಳನೆಯ ನೆನಪೋಲೆ ಬರೆಯುತ್ತಿದ್ದೇನೆ:
ಮಾನ್ಯರೇ, ತಮ್ಮ ಅವಗಾಹನೆಗೆ ತರುವುದೇನೆಂದರೆ.

ಶನಿವಾರ ಫಕ್ಕೀರವ್ವ ಮೇಜಿನ ಮುಂದೆ ನಿಂತಳು.
“ಉಳಿದದ್ದು ಯಾವಾಗ್ರಿ?”
ಬರ್ತದ ಅಂದೆ.
ಹೋದವಳು ಬಾಗಿಲಿಂದ ತಿರುಗಿ ಬಂದು ಕೇಳಿದಳು:
“ಅಲ್ಲೆ ಗಾಳಿ ಹ್ಯಾಂಗೈತಂತ್ರಿ ಈಗ?”

ಪೇಪರು ತೆರೆದು ನೋಡಿದೆ.
ಒಂಬತ್ತನೆಯ ಪುಟದಲ್ಲಿ ಬೇರೆ ದೇಶ,
ಬೇರೆ ಮನವಿ, ಬೇರೆ ಕೋಟಿ.
ಆ ಊರಿನ ಗಾಳಿಯ ವಿಷಯ ಯಾರೂ ಬರೆದಿರಲಿಲ್ಲ.
ಬರೆದಿಲ್ಲ ಅಂದೆ.

ಕಣ್ಣು ಕೂರಿಸಲು ಕೊರೆದಾಗ ಉದುರಿದ ಬಟ್ಟೆಯ ಬಿಲ್ಲೆಗಳನ್ನು
ನೀಲವ್ವ ಗುಡಿಸಿ ಗೋಣಿಚೀಲಕ್ಕೆ ತುಂಬಿದ್ದಾಳೆ.
ಮಷೀನಿನ ಸ್ಟೂಲಿಗೆ ಮೆತ್ತಗೆ ಆಗ್ತದಂತ.
ಎಲ್ಲರೂ ಸರದಿಯಂತೆ ಅದರ ಮೇಲೆ ಕೂರುತ್ತಾರೆ.
ನಾನಿನ್ನೂ ಅದನ್ನು ಯಾವ ಖಾತೆಗೂ ಬರೆದಿಲ್ಲ.